ತೊಳೆದಿಟ್ಟ ಪಂಕ್ಚರ್ ದಾರ

ಬೆಳಿಗ್ಗೆ ಆರರಿಂದ ಎಂಟೂವರೆಯೊಳಗೆ ಒಂಬತ್ತು ಮನೆ ಸುತ್ತಿ, ರಕ್ತ ತೆಗೆದು, ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಆ ಮನೆಗಳವರಿಗೆಲ್ಲ ಅವಳು ಸೂಜಿಯಕ್ಕ. ಗಂಡ ಕಾರ್ಖಾನೆಯ ಬಸ್ಸಿನಲ್ಲಿ ಓಡಾಡುತ್ತಿದ್ದುದರಿಂದ ಅವನ ಬೈಕು ಗೋಣಿತಾಟು ಹೊದ್ದು ಮೂಲೆ ಹಿಡಿದಿತ್ತು. ಎರಡು ವರ್ಷದ ಹಿಂದೆ ಅದನ್ನು ಒರೆಸಿ, ಹಿಂದಿನ ಸೀಟಿಗೆ ತಂಪುಪೆಟ್ಟಿಗೆ ಬಿಗಿದು ಹೊರಟವಳು ಒಂದು ದಿನವೂ ತಡ ಮಾಡಿರಲಿಲ್ಲ.

ಗಂಡ ಒಪ್ಪಿದ್ದು ಒಂದು ಷರತ್ತಿನ ಮೇಲೆ. "ಒಂದೇ ಒಂದು ದಿನ ಗಾಡಿ ಕೈಕೊಟ್ಟು, ಬನ್ರೀ ಅಂತ ನನಗೆ ಫೋನ್ ಮಾಡಿದೆ ಅನ್ನು, ಅವತ್ತಿಗೆ ಈ ತಿರುಗಾಟ ಬಂದ್."

ಹೆಂಡತಿಯ ಮೇಲೆ ಎಷ್ಟು ಕಾಳಜಿ ಎಂದು ಕೇಳಿದವರು ತಲೆದೂಗಿದರು. ಒಳಗುಟ್ಟು ಅವಳಿಗೆ ಗೊತ್ತಿತ್ತು. ಅವಳು ಐದೂವರೆಗೆ ಹೊಸಿಲು ದಾಟಿದರೆ ಹಾಲು ಕಾಯಿಸುವುದು, ಮಗಳಿಗೆ ಎರಡು ಜಡೆ ಹಾಕುವುದು, ಡಬ್ಬಿ ತುಂಬುವುದು, ಆ ಡಬ್ಬಿಯ ಮುಚ್ಚಳ ಹುಡುಕುವುದು ಎಲ್ಲವೂ ಅವನ ತಲೆಗೆ. ಎಂಥ ಗಂಡಸಿಗೂ ಹೆಂಡತಿಯ ಸುರಕ್ಷತೆಯ ಚಿಂತೆ ಹುಟ್ಟಿಸಲು ಆ ಮುಚ್ಚಳ ಹುಡುಕುವ ಕೆಲಸವೊಂದೇ ಸಾಕು.

ಅದಕ್ಕೇ ಅವಳು ಪಂಕ್ಚರ್ ಕಿಟ್ ಕೊಂಡಳು. ಮೊಳೆ ಕೀಳಲು ಇಕ್ಕಳ, ತೂತು ಉಜ್ಜಲು ಅರ, ತೂತು ತುಂಬುವ ಅಂಟುದಾರ, ಅದನ್ನು ಪೋಣಿಸಿ ಟ್ಯೂಬಿಲ್ಲದ ಟೈರಿಗೆ ಚುಚ್ಚಲು ದಬ್ಬಳದಂಥ ಸೂಜಿ, ಗೋಂದಿನ ಪುಟ್ಟ ಟ್ಯೂಬು. ಅದರ ದೊಡ್ಡ ಪೆಟ್ಟಿಗೆಯನ್ನು ಎಸೆದು, ಎಲ್ಲವನ್ನೂ ಮಗಳ ಹಳೆಯ ಪೆನ್ಸಿಲ್ ಚೀಲದಲ್ಲಿ ಹಿಡಿಸಿದಳು. ನಾಲ್ಕು ಜನರ ಬಟ್ಟೆಯನ್ನು ಒಂದೇ ಸೂಟ್‌ಕೇಸಿಗೆ ತುಂಬಿ ಪಳಗಿದ ಕೈ ಅದು. ಚೀಲವನ್ನೂ ಗೇಣುದ್ದದ ಕೈಪಂಪನ್ನೂ ಬೈಕಿನ ಪಕ್ಕದ ಡಬ್ಬದಲ್ಲಿಟ್ಟಳು. ಮೆಕ್ಯಾನಿಕ್ಕಿನ ಅಂಗಡಿಯ ಹಳೇ ಟೈರಿಗೆ ನಾಲ್ಕು ಭಾನುವಾರ ತೂತು ಹಾಕಿ, ತೂತು ಮುಚ್ಚಿ ಕಲಿತಳು.

ಅದು ಕೆಲಸಕ್ಕೆ ಬಂದದ್ದು ಮೊನ್ನೆ ಮಂಗಳವಾರ. ಒಂಬತ್ತೂ ಮನೆ ಮುಗಿಸಿ ಲ್ಯಾಬಿನ ಕಡೆ ತಿರುಗಿದ್ದಳು. ಏಳೂ ಐವತ್ತಕ್ಕೆ ಹಿಂದಿನ ಚಕ್ರ ಅಡ್ಡಾದಿಡ್ಡಿ ಆಡಿತು. ನೋಡಿದರೆ ಮೊಳೆ ತಲೆಯವರೆಗೆ ಹೊಕ್ಕು ಕೂತಿದೆ.

ಬೆಳಗಿನ ವಾಕಿಂಗಿನವರೊಬ್ಬರು ನಿಂತರು. "ಯಜಮಾನ್ರಿಗೆ ಫೋನ್ ಮಾಡಮ್ಮ, ಬರ್ತಾರೆ."

"ಬರ್ತಾರೆ ಸಾರ್. ಬಂದು ನಿಮ್ಮ ಪಕ್ಕದಲ್ಲೇ ನಿಂತ್ಕೋತಾರೆ."

ಇಕ್ಕಳದಿಂದ ಮೊಳೆ ಕಿತ್ತಳು. ಅರ ಹಾಕಿ ತೂತು ಉಜ್ಜಿದಳು. ದಾರ ಕೈಗೆ ತೆಗೆದುಕೊಂಡರೆ ಅಂಟೇ ಇಲ್ಲ! ಒಣಗಿದ ಲಾಡಿಯ ಹಾಗೆ ಒರಟೊರಟಾಗಿದೆ. ಮೂಗಿಗೆ ಹಿಡಿದರೆ ಸೋಪಿನ ಪುಡಿಯ ಘಮ.

ಅತ್ತೆ!

ಹಿಂದಿನ ದಿನ ಗಾಡಿ ತೊಳೆಯುವಾಗ ಚೀಲವನ್ನು ಅವಳೇ ಮನೆಯೊಳಗೆ ತಂದಿಟ್ಟಿದ್ದಳು. ಆ ಮನೆಯಲ್ಲಿ ಅಂಟುವ ವಸ್ತು ಅತ್ತೆಯ ಕೈಗೆ ಸಿಕ್ಕರೆ ಉಳಿಯುವುದುಂಟೇ? ಐವತ್ತು ವರ್ಷ ಎಣ್ಣೆ ಡಬ್ಬಿ, ಒಲೆಕಟ್ಟೆ, ಊರವರ ಕೈ ತಾಗಿದ ಸ್ವಿಚ್ಚುಗಳನ್ನೆಲ್ಲ ತಿಕ್ಕಿದ ಜೀವ. ಯಾರೂ ಹೇಳದಿದ್ದರೂ ತೊಳೆಯುತ್ತಿದ್ದರು. ತೊಳೆದರೆ ಯಾರೂ ಏನೂ ಹೇಳುತ್ತಿರಲಿಲ್ಲ.

ಫೋನು ಜೇಬಿನಲ್ಲಿತ್ತು. ಗಂಡ ಇನ್ನೂ ಬಸ್ಸು ಹತ್ತಿರಲಿಲ್ಲ. ಅವಳು ಆ ಕಡೆ ಕೈ ಹಾಕಲಿಲ್ಲ. ಗೋಂದಿನ ಟ್ಯೂಬಿನ ಮುಚ್ಚಳ ಅತ್ತೆಗೂ ಬಗ್ಗಿರಲಿಲ್ಲ, ಸದ್ಯ! ಇಕ್ಕಳದಲ್ಲಿ ತಿರುಚಿ ತೆಗೆದು, ದಾರಕ್ಕೂ ತೂತಿಗೂ ಧಾರಾಳವಾಗಿ ಬಳಿದಳು. ಬೆರಳಿಗೆ ಹಿಡಿಯುವಷ್ಟು ಜಿಗುಟಾಗುವವರೆಗೆ ಊದುತ್ತ ಕಾದಳು. ಸೂಜಿಗೆ ಪೋಣಿಸಿ, ಮೈಭಾರವೆಲ್ಲ ಬಿಟ್ಟು ಚುಚ್ಚಿ, ಸೂಜಿಯನ್ನಷ್ಟೇ ಒಮ್ಮೆಲೇ ಹಿಂದಕ್ಕೆಳೆದಳು. ದಾರ ಒಳಗೆ ಕಚ್ಚಿಕೊಂಡಿತು. ಪಂಪು ಒತ್ತಿ ಒತ್ತಿ ರಟ್ಟೆ ಬಿದ್ದುಹೋಯಿತು. ಕೊನೆಗೆ ಉಗುಳು ಸವರಿ ನೋಡಿದಳು. ಒಂದು ಗುಳ್ಳೆಯೂ ಏಳಲಿಲ್ಲ.

"ಭೇಷ್! ನಮ್ಮನೇಲಿ ಬಲ್ಬು ಹಾಕೋಕೂ ನನ್ನೇ ಕರೀತಾರೆ," ಎಂದರು ವಾಕಿಂಗಿನವರು.

"ಅಡುಗೆಗೆ ನೀವು ಅವರನ್ನ ಕರೆಯಲ್ವಾ ಸಾರ್? ಹಾಗೇ ಅದೂ," ಎಂದು ಕಿಕ್ ಹೊಡೆದಳು. ಎಂಟೂ ಇಪ್ಪತ್ತೈದಕ್ಕೆ ಪೆಟ್ಟಿಗೆ ಲ್ಯಾಬಿನ ಮೇಜಿನ ಮೇಲಿತ್ತು.

ಮಧ್ಯಾಹ್ನ ಮನೆಗೆ ಬಂದು ವಿಷಯ ಹೇಳಿದಾಗ ಅತ್ತೆ ಬಾಯಿಗೆ ಸೆರಗು ಒತ್ತಿದರು. "ಅಯ್ಯೋ, ಪ್ಲಾಸ್ಟಿಕ್ ಬಿಡಿಸಿದ್ರೆ ಒಳಗೆಲ್ಲ ಜಿಗುಟು ಕಣೇ. ಬಿಸಿನೀರಲ್ಲಿ ಎರಡು ಸಲ ತಿಕ್ಕಿದೆ. ನಿನ್ನ ಕೆಲಸಕ್ಕೆ ನಾನೇ ಕಲ್ಲು ಹಾಕ್ತಿದ್ನಲ್ಲೇ!"

"ತೊಳೆದಿದ್ದು ಮಾತ್ರ ಚೆನ್ನಾಗಿತ್ತು ಅತ್ತೆ, ಒಂಚೂರೂ ಅಂಟು ಉಳಿದಿರಲಿಲ್ಲ," ಎಂದಳು ಸೊಸೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಸಂಜೆ ಊಟಕ್ಕೆ ಕೂತ ಗಂಡನ ಕಣ್ಣು ಅವಳ ಕಪ್ಪು ಉಗುರುಗಳ ಮೇಲೆ ಬಿತ್ತು. "ದಾರೀಲಿ ಸಿಕ್ಕಿಹಾಕ್ಕೊಂಡ್ಯಾ?" ಎಂದ. ದನಿಯಲ್ಲಿ ಕಾಳಜಿಗಿಂತ ಆಸೆಯೇ ಹೆಚ್ಚಾಗಿತ್ತು.

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು: "ಹೂಂ, ಸಿಕ್ಕಿಹಾಕ್ಕೊಂಡ್ಲು. ಬಿಡಿಸ್ಕೊಂಡೂ ಬಂದ್ಲು. ನಿನಗೆ ಫೋನ್ ಬಂತಾ?"

"ಇಲ್ಲ."

"ಮತ್ತೆ? ಮಾತಂದ್ರೆ ಮಾತು."

ಅವನು ಸಾರಿನಲ್ಲಿ ಅನ್ನ ಕಲಸಿದ. ಆಮೇಲೆ ತಣ್ಣಗೆ ಕೇಳಿದ, "ನಾಳೆ ಹೊರಡೋವಾಗ ನನ್ನ ಎಬ್ಬಿಸಿ ಹೋಗ್ತೀಯಾ?"

"ನಿಮ್ಮ ಫೋನಲ್ಲಿ ಅಲಾರಂ ಇದೆಯಲ್ರೀ," ಎಂದು ಅವಳು ಇನ್ನೊಂದು ಸೌಟು ಬಡಿಸಿಕೊಂಡಳು. ಹಸಿವು ಜೋರಾಗಿತ್ತು.