ಗಡಿ ದಾಟಿ ಮರಳಿದ ಖಣ

ಕಳೆದ ವಾರ ವಿಮೆಯ ಕಾಗದ ಹುಡುಕಲೆಂದು ಹಳೆಯ ಟ್ರಂಕು ತೆಗೆದೆ. ಕಾಗದ ಸಿಗಲಿಲ್ಲ, ಬೇಕಾದದ್ದು ಬೇಕಾದಾಗ ಸಿಗುವ ಭಾಗ್ಯ ನನಗೆ ಎಂದೂ ಇಲ್ಲ. ಸಿಕ್ಕಿದ್ದು ಡಾಂಬರು ಗುಳಿಗೆಯ ವಾಸನೆ ಹಿಡಿದ ಒಂದು ಹಸಿರು ಖಣ, ಹೊಲಿಸದ ಕುಬಸದ ಬಟ್ಟೆ. ಮಡಿಕೆ ಬಿಚ್ಚಲು ಧೈರ್ಯವಾಗಲಿಲ್ಲ. ಯಾಕೆಂದು ನಿಮಗೆ ಹೇಳಿಬಿಡುತ್ತೇನೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ತಂಗಿ ನೀಲಾಳನ್ನು ಮಡಗಾಂವಿಗೆ ಕೊಟ್ಟಾಗ ಗೋವೆ ಇನ್ನೂ ಪೋರ್ಚುಗೀಸರದ್ದು. ಅದು ನಮಗೆ ದೊಡ್ಡ ಮಾತಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ಅವಳ ಗಂಡನ ಬಟ್ಟೆ ಅಂಗಡಿಯ ಊರಲ್ಲಿ ಇಳಿಯಬಹುದಿತ್ತು. ಮದುವೆಯಾದ ವರ್ಷದೊಳಗೆ ಗಡಿ ಮುಚ್ಚಿತು, ರೈಲು ನಿಂತಿತು. ಮೂರು ವರ್ಷ ನೀಲಾ ತವರು ಕಾಣಲಿಲ್ಲ. ಆಮೇಲೆ ಅವಳಿಗೆ ಏಳು ತಿಂಗಳೆಂದು ಪತ್ರ ಬಂತು.

ಬಸುರಿ ಮಗಳಿಗೆ ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಕುಬಸ ಕೊಡುವುದು ನಮ್ಮ ಕಡೆಯ ಪದ್ಧತಿ. ಈ ಕುಬಸದ ಕಾರ್ಯ ಮಾಡುವವರು ತವರಿನ ಹೆಂಗಸರು. ಗಡಿ ದಾಟಲು ಅವ್ವನಿಗೂ ನನಗೂ ಪರವಾನಗಿ ಕೇಳಿದೆವು. ಬಂದದ್ದು ನನಗೊಬ್ಬನಿಗೆ.

ನನಗೆ ಕಲಿಸಲು ಅವ್ವ ತಾನೇ ಮಣೆಯ ಮೇಲೆ ಕುಳಿತು ಸೆರಗೊಡ್ಡಿದಳು.

"ನನ್ನ ನೀಲಾ ಅಂತ ತಿಳಕೋ. ಮೊದಲ ಖಣ ಹಾಕು, ಆಮ್ಯಾಲೆ ಅಕ್ಕಿ."

ಮದುವೆಯಾಗದ ಗುಮಾಸ್ತ ನಾನು, ನಾಲ್ಕು ದಿನ ಹೆತ್ತ ತಾಯಿಯ ಉಡಿ ತುಂಬಿದೆ. ಮೊದಲ ದಿನ ಕೊಬ್ಬರಿ ಬಟ್ಟಲು ಜಾರಿ ಅಪ್ಪನ ತಾಟಿಗೆ ಬಿತ್ತು, ಎಲ್ಲರೂ ನಕ್ಕೆವು. ನಾಲ್ಕನೆಯ ದಿನ ಅವ್ವ ನಗಲಿಲ್ಲ. ಖಣವನ್ನು ಮೂಸಿ ಮಡಚಿದಳು.

"ಅಲ್ಲೇ ಹೊಲಿಸಿ ತೊಡಿಸು. ಹೆಂಗ ಕಾಣ್ತಾಳ ನೋಡಿ ಬಂದು ನನಗ ಹೇಳು."

ಕ್ಯಾಸಲ್‌ರಾಕ್‌ವರೆಗೆ ರೈಲು, ಅಲ್ಲಿಂದ ಮುಂದೆ ಕಾಲೇ ಗತಿ. ನಮ್ಮ ಕಡೆಯ ಠಾಣೆಯವನು ಗಂಟು ಬಿಚ್ಚಿಸಿದ.

"ಇದೇನ್ರಿ, ಬಳಿ, ಖಣ, ಉತ್ತತ್ತಿ! ಗಂಡಸರು ಕುಬಸ ಮಾಡಾಕ ಹೊಂಟೀರೇನ್ರಿ?"

"ಹೌದ್ರಿ. ಅವ್ವಗ ಪರ್ಮಿಟ್ ಸಿಗಲಿಲ್ಲ."

ಅವನ ನಗು ನಿಂತಿತು. ಗಂಟನ್ನು ತಾನೇ ಕಟ್ಟಿಕೊಟ್ಟ. "ಬಳಿ ಹುಷಾರ್ರಿ" ಎಂದ.

ಎರಡು ಠಾಣೆಗಳ ನಡುವಿನ ಕಾಡುದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಯಾವ ದೇಶಕ್ಕೂ ಸೇರದವನಾಗಿ ನಡೆಯುತ್ತಿದ್ದೆ. ಅಂಥ ಒಂಟಿತನ ಮತ್ತೆಂದೂ ಅನುಭವಿಸಿಲ್ಲ. ಹೆದರಿಕೆಗೆ ದೇವರ ಹೆಸರೂ ನೆನಪಾಗದೆ, ಖಣ, ಅಕ್ಕಿ, ಕೊಬ್ಬರಿ, ಉತ್ತತ್ತಿ ಎಂದು ಗಟ್ಟಿಯಾಗಿ ಹೇಳುತ್ತ ಹೋದೆ. ಆಚೆ ಠಾಣೆಯ ಸಿಪಾಯಿ ಮತ್ತೆ ಎಲ್ಲ ಬಿಚ್ಚಿ, ಅಕ್ಕಿಯಲ್ಲಿ ಬೆರಳಾಡಿಸಿ, ಒಂದು ಉತ್ತತ್ತಿ ಬಾಯಿಗೆ ಹಾಕಿಕೊಂಡು ಹೋಗೆಂದು ಕೈಬೀಸಿದ.

ಮಡಗಾಂವಿನಲ್ಲಿ ಬಾಗಿಲು ತೆಗೆದ ನೀಲಾ ನನ್ನ ಬೆನ್ನ ಹಿಂದೆ ನೋಡಿದಳು.

"ಅವ್ವ ಎಲ್ಲಿ?"

ಮರುದಿನ ಬಳೆ ತೊಡಿಸಿದೆ. ಖಣ ಹಾಕಲು ಹೋದರೆ ಅವಳು ಅದನ್ನು ಮೂಸಿ, ಅವ್ವನ ಹಾಗೆಯೇ ಮಡಚಿ, ನನ್ನ ಕೈಗಿಟ್ಟಳು.

"ಇದೊಂದು ಬ್ಯಾಡ ಅಣ್ಣಾ, ವಾಪಸ್ ಒಯ್ಯಿ. ಎಂದಾರ ನಾ ತವರಿಗೆ ಬಂದಾಗ ಅವ್ವನ ಕೈಲೇ ಇಸ್ಕೋತೀನಿ. ಹಂಗಂತ ಆಕಿಗೆ ಹೇಳು."

ಉಳಿದದ್ದರಿಂದ ಉಡಿ ತುಂಬಿ ಹೊರಟೆ. ಹುಬ್ಬಳ್ಳಿಯ ಮನೆಯಲ್ಲಿ ಅವ್ವ ಬಾಗಿಲಲ್ಲೇ ನಿಂತಿದ್ದಳು.

"ತೊಟ್ಟಳೇನೋ?"

ಆ ಮುಖ ನೋಡಿ ನಿಜ ಹೇಳಲಾಗಲಿಲ್ಲ. "ತೊಟ್ಟಳವ್ವ, ಭಾಳ ಛಂದ ಕಾಣ್ತಿದ್ದಳು" ಎಂದೆ. ಮೂರು ಸಲ ಕೇಳಿದಳು. ಮೂರು ಸಲವೂ ತೋಳು, ಅಂಚು ಎಂದು ಹೊಸದೇನೋ ಸೇರಿಸಿ ಹೇಳಿದೆ. ಕಚೇರಿಯಲ್ಲಿ ಇಂಥ ಜಾಣತನ ತೋರಿದ್ದರೆ ಬಡ್ತಿಯಾದರೂ ಸಿಗುತ್ತಿತ್ತು. ಖಣ ಟ್ರಂಕಿನ ತಳ ಸೇರಿತು.

ಗೋವೆ ಬಿಡುಗಡೆಯಾದ ಮರುವರ್ಷ ನೀಲಾ ಮಗಳೊಡನೆ ಬಂದಳು. ಹೊರಡುವ ದಿನ ಅವ್ವ ಬೇರೆ, ಕೆಂಪು ಖಣವಿಟ್ಟು ಉಡಿ ತುಂಬಿದಳು. ನೀಲಾ ಇನ್ನೂ ಸೆರಗೊಡ್ಡಿಯೇ ಕುಳಿತಿದ್ದಳು. "ಏಳವಾ, ಆತು" ಎಂದಳು ಅವ್ವ. ನೀಲಾ ಎದ್ದು ನನ್ನ ಕಡೆ ನೋಡಿದಳು. ನಾನು ಕುಳಿತಿದ್ದದ್ದು ಆ ಟ್ರಂಕಿನ ಮೇಲೆಯೇ. ಏಳಲಿಲ್ಲ.

ಆ ಹಸಿರು ಖಣವನ್ನು ಅವ್ವ ಮರೆತಳೆಂದು ಅವಳು ತಿಳಿದಳು. ಆಮೇಲಿನ ಪತ್ರಗಳಲ್ಲಿ ಅವ್ವನಿಗೆ ನಮಸ್ಕಾರವೆಂಬ ಒಂದೇ ಸಾಲು. "ನೀಲಾಗ ನನ್ನ ಮ್ಯಾಲೆ ಯಾಕ ಸಿಟ್ಟೋ?" ಎಂದು ಅವ್ವ ಸಾಯುವವರೆಗೂ ನನ್ನನ್ನೇ ಕೇಳಿದಳು. ನನಗೇನು ಗೊತ್ತು ಎಂದೆ.

ನಿನ್ನೆ ಗೋಕುಲ ರಸ್ತೆಯ ಬಸ್ ನಿಲ್ದಾಣಕ್ಕೆ ಹೋಗಿ ಮಡಗಾಂವಿಗೆ ಟಿಕೆಟ್ ತೆಗೆಸಿದೆ. ದಾರಿಯಲ್ಲಿ ಚೀಲ ನೋಡುತ್ತಾರೇನೆಂದು ಕೇಳಿದೆ.

"ಯಾರ ನೋಡ್ತಾರ್ರಿ ಅಜ್ಜಾರ? ಆರಾಮ ಹೋಗ್ರಿ" ಎಂದ ಟಿಕೆಟಿನವನು.

ಖಣವನ್ನು ಚೀಲದಲ್ಲಿಟ್ಟಿದ್ದೇನೆ. ಬಿಚ್ಚಿ ತೋರಿಸು ಎನ್ನುವವರು ದಾರಿಯಲ್ಲಿ ಈಗ ಯಾರೂ ಇಲ್ಲ. ನೀಲಾಳ ಮುಂದೆ ನಾನೇ ಬಿಚ್ಚಬೇಕು.