ಕುಂಬಳಕಾಯಿಗೆ ಮೊದಲು ಚಾಕು ಇಟ್ಟವರು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ನನ್ನನ್ನು ಬೈಯುವವರಿಗೆ ಒಂದು ಬೈಗುಳ ಹೆಚ್ಚಿಗೆ ಸಿಗಲಿ. ಬೆಕ್ಕು ಅಡ್ಡ ಬಂದರೆ ನಿಲ್ಲಬೇಡಿ, ಗ್ರಹಣದ ದಿನ ಊಟ ಬಿಡಬೇಡಿ ಎಂದು ಹೊನ್ನಾಳಿ ಕಡೆಯ ಮಕ್ಕಳಿಗೆ ವರ್ಷವಿಡೀ ಭಾಷಣ ಬಿಗಿದು, ಸಂಜೆ ಬಸ್ಸು ಹತ್ತಿ ನ್ಯಾಮತಿಯ ಮನೆಗೆ ಬರುತ್ತೇನೆ. ಮನೆಯಲ್ಲಿ ಅತ್ತೆ, ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ. ಮನೆಯವರಿಗೆ ಜಗಳೂರಿನಲ್ಲಿ ಕೆಲಸ. ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಾರೆ.

ಕಳೆದ ವರ್ಷ ಅತ್ತೆ ಸೂಳೆಕೆರೆ ಪಕ್ಕದ ತಮ್ಮ ತವರಿನಿಂದ ಸಿಹಿಗುಂಬಳದ ಬೀಜ ತಂದಿದ್ದರು. ಮಗಳು ಅದನ್ನು ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬದಿಗೆ ಹಾಕಿದಳು. ಬಳ್ಳಿ ಕಾಂಪೌಂಡ್ ಹತ್ತಿತು, ಹೂವೂ ಬಿಟ್ಟಿತು, ಆದರೆ ಹೀಚು ಕಟ್ಟಿದ್ದೆಲ್ಲ ಹಳದಿಯಾಗಿ ಉದುರುತ್ತಿತ್ತು. ಗಂಡುಹೂವಿನ ಪುಡಿಯನ್ನು ಹೆಣ್ಣುಹೂವಿಗೆ ಸವರಬೇಕು, ಅದೂ ಬಿಸಿಲೇರುವ ಮೊದಲು ಎಂದು ಹೇಳಿಕೊಟ್ಟವಳು ನಾನೇ. ಎಬ್ಬಿಸಿದರೆ ಏಳದ ಹುಡುಗಿ ಅಲಾರಂ ಇಟ್ಟುಕೊಂಡು ಎದ್ದಳು. ಒಂದು ಕಾಯಿ ನಿಂತಿತು. ತಮ್ಮನ ಕೊಡುಗೆ ಏನೆಂದರೆ, ಕ್ರಿಕೆಟ್ ಚೆಂಡಿನಿಂದ ಮೂರು ಹೂ ಉದುರಿಸಿದ್ದು. ಕಾಯಿ ದಪ್ಪವಾಗಿ, ತೊಟ್ಟು ಒಣಗುತ್ತ ಬಂದಾಗ ಮಗಳು ದಿನಾ ಬಂದು ತಟ್ಟಿ ನೋಡುತ್ತಿದ್ದಳು. "ಇದನ್ನ ನೀನೇ ಕುಯ್ಯೋವಂತೆ ಬಿಡೇ" ಎಂದು ನಾನೇ ಮಾತು ಕೊಟ್ಟೆ. ಯಾರೂ ಕೇಳಿರಲಿಲ್ಲ.

ಅದೊಂದು ಭಾನುವಾರ. ಆ ವಾರ ಮನೆಯವರು ಬಂದಿರಲಿಲ್ಲ. ಮಗಳು ಏನೇನು ಮಾಡಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಜೋಳದ ಹಿಟ್ಟಿಗೆ ಕುಂಬಳಕಾಯಿ ತುರಿದು ಹಾಕಿ ತಾಲಿಪಟ್ಟು, ಕಾಯಿತುರಿ ಹಾಕಿ ಪಲ್ಯ, ಬೆಲ್ಲದ ಕಡುಬು. ಕಡುಬು ಹಬೆಯಲ್ಲೇ ಬೇಯಬೇಕು, ಎಣ್ಣೆ ಬಾಣಲೆ ಒಲೆ ಹತ್ತಬಾರದು ಎಂದು ಕೆಳಗೆ ಗೆರೆ ಎಳೆದು ಬರೆದಿದ್ದಳು.

"ಗಾರಿಗೆ ಇಲ್ದೆ ಕುಂಬಳಕಾಯಿ ಯಾಕವ್ವ ಬೇಕು? ದನಕ್ಕೆ ಹಾಕಾಕಾ?" ಅತ್ತೆ ಬೆಳ್ಳುಳ್ಳಿ ಬಿಡಿಸುತ್ತ ಗೊಣಗಿದರು.

"ಅಜ್ಜಿ, ನಿಂಗೆ ಬಿಪಿ ಐತೆ. ಕರಿದಿದ್ದು ಮುಟ್ಟಂಗಿಲ್ಲ."

"ಅಯ್ಯೋ, ಡಾಕ್ಟ್ರು ಬಂದ್ರು ಕಣವ್ವ ಮನೆಗೆ!"

ಎಲ್ಲರೂ ನಕ್ಕೆವು. ಮಗಳು ಕುಂಬಳಕಾಯಿ ತೊಳೆದು, ಒರೆಸಿ, ಹಳೆ ಪೇಪರಿನ ಮೇಲೆ ಇಟ್ಟು ದೊಡ್ಡ ಚಾಕು ಕೈಗೆ ತೆಗೆದುಕೊಂಡಳು. ನನಗೆ ಇದ್ದಕ್ಕಿದ್ದಂತೆ ಹಳೆಯ ಶಾಸ್ತ್ರವೊಂದು ನೆನಪಾಯಿತು. ನಮ್ಮ ಕಡೆ ಇಡೀ ಕುಂಬಳಕಾಯಿಯನ್ನು ಹೆಂಗಸರು ಮೊದಲು ಕೊಯ್ಯುವುದಿಲ್ಲ. ಗಂಡಸರೊಬ್ಬರು ಒಂದು ಗೀಟು ಹಾಕಿಕೊಡಬೇಕು, ಆಮೇಲೆ ನಾವು ಎಷ್ಟು ಬೇಕಾದರೂ ಹೆಚ್ಚಿಕೊಳ್ಳಬಹುದು. ಹಾಗೆ ಮಾಡದಿದ್ದರೆ ಮನೆಯ ಗಂಡುಮಗುವಿಗೆ ಕೇಡು ಎನ್ನುತ್ತಾರೆ. ಅತ್ತೆಯ ಕೈ ಬೆಳ್ಳುಳ್ಳಿಯ ಮೇಲೆ ನಿಂತಿತ್ತು, ಕಣ್ಣು ನಮ್ಮ ಕಡೆಗಿತ್ತು. ಅಷ್ಟು ಸಾಕಾಯಿತು ನನಗೆ.

"ತಡಿ ತಡಿ" ಎಂದು ಅವಳ ಕೈಯಿಂದ ಚಾಕು ಕಿತ್ತುಕೊಂಡೆ. ಹೊರಗೆ ಆಡುತ್ತಿದ್ದ ಮಗನನ್ನು ಕೂಗಿ ಕರೆದೆ. ಅವನು ಮಣ್ಣುಗಾಲಿನಲ್ಲಿ, "ಏನಮ್ಮ, ನನ್ ಬ್ಯಾಟಿಂಗ್ ಐತೆ!" ಎಂದು ಅಳುಮೋರೆ ಹಾಕಿಕೊಂಡೇ ಬಂದ. ಅವನ ಪುಟ್ಟ ಕೈಗೆ ಚಾಕುವಿನ ಹಿಡಿ ಕೊಟ್ಟು, ಮೇಲೆ ನನ್ನ ಕೈಯಿಟ್ಟು ಒತ್ತಿದೆ. ಕೊಯ್ದದ್ದು ನನ್ನ ಕೈಯೇ. ನಡುವೆ ಅವನದೊಂದು ಕೈ ಇತ್ತು ಅಷ್ಟೇ. ಶಾಸ್ತ್ರ ಮುಗಿಯಿತು, ಅವನು ಓಡಿಹೋದ.

"ನೀನೇ ಕುಯ್ಯೋವಂತೆ ಅಂದಿದ್ಯಲ್ಲಮ್ಮ" ಎಂದಳು ಮಗಳು.

"ಈಗ ಕುಯ್ಯೇ, ಯಾರು ಬ್ಯಾಡ ಅಂದ್ರು?"

"ನಾನೇ ಮೊದಲು ಕುಯ್ದಿದ್ರೆ ಏನಾಗ್ತಿತ್ತು?"

ಆಗಲಾದರೂ ಬಾಯಿ ಮುಚ್ಚಿಕೊಂಡಿರಬಹುದಿತ್ತು. ನನ್ನ ಬಾಯಿಗಿಷ್ಟು ಮಣ್ಣು ಹಾಕ! "ತಮ್ಮಂಗೆ ಒಳ್ಳೇದಾಗಲ್ಲ ಅಂತಾರೆ ಕಣೆ" ಎಂದುಬಿಟ್ಟೆ. ಅವಳು ಚಾಕು ತೆಗೆದುಕೊಂಡಳು. ಸಿಪ್ಪೆ ಹೆರೆದಳು, ತುರಿದಳು, ಬೀಜ ತೊಳೆದು ಬಿಸಿಲಿಗೆ ಹರಡಿದಳು. ತಾಲಿಪಟ್ಟು ತಟ್ಟುವಾಗ ತಮ್ಮನೂ ಬಂದು ಕೈಯಿಕ್ಕಿ, ಬಸ್ಸಿನ ಆಕಾರದಲ್ಲಿ ತಟ್ಟುತ್ತೇನೆ ಎಂದು ಹಿಟ್ಟೆಲ್ಲ ಮೈಗೆ ಮೆತ್ತಿಕೊಂಡ. ಬೇರೆ ದಿನವಾಗಿದ್ದರೆ ಅವಳು ಗುದ್ದುತ್ತಿದ್ದಳು. ಅವತ್ತು ಸುಮ್ಮನೆ ಪಕ್ಕಕ್ಕೆ ಸರಿದು ಕೂತಳು. ಕಡುಬು ಬಹಳ ಚೆನ್ನಾಗಿ ಬಂದಿತ್ತು. ಅತ್ತೆ ನಾಲ್ಕು ತಿಂದರು.

ಪಾತ್ರೆ ತೊಳೆಯುವಾಗ ನಾನು ಅತ್ತೆಯ ಮೇಲೆ ಎಗರಿದೆ. "ನೀವು ಹಂಗೆ ನೋಡ್ತಾ ಕೂತ್ರೆ ನಾನೇನು ಮಾಡ್ಲಿ? ಪಾಪ, ಹುಡುಗಿ ಮುಖ ಸಣ್ಣ ಆಯ್ತು."

ಅತ್ತೆ ನನ್ನನ್ನೇ ದಿಟ್ಟಿಸಿದರು. "ನಾನೇನಾರ ಅಂದ್ನೇನವ್ವ? ಅವಳು ಹೆಂಗೆ ಕುಯ್ತಾಳೆ, ಕೈಗೆ ಎಲ್ಲಿ ಹಾಕ್ಕಂತಾಳೋ ಅಂತ ನೋಡ್ತಿದ್ದೆ. ನಮ್ ಕಾಲದಾಗೆ ಗಂಡಸ್ರು ಹೊಲಕ್ಕೆ ಹೋದ್ರೆ ಸಂಜೆ ಬರೋರು. ಅಲ್ಲೀ ತನಕ ಕುಂಬಳಕಾಯಿ ಮುಂದೆ ಕೈಕಟ್ಟಿ ಕೂರಾಕೆ ಆಗ್ತಿತ್ತಾ? ನಾನೇ ಕುಯ್ದು ಹುಳಿ ಮಾಡಿಲ್ವಾ?"

ನನಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಅವರು ಬೈದಿದ್ದರೆ ಎಷ್ಟೋ ಸಲೀಸಿತ್ತು, ತಪ್ಪನ್ನು ಅವರ ತಲೆಗೆ ಕಟ್ಟಿ ನಿದ್ದೆ ಮಾಡಬಹುದಿತ್ತು.

ಮಂಗಳವಾರ ಮಗನಿಗೆ ಜ್ವರ ಬಂತು. ನೆಗಡಿಯ ಜ್ವರ, ಅವನ ಕ್ಲಾಸಿನ ಅರ್ಧ ಮಕ್ಕಳಿಗೆ ಇತ್ತು. ಸಿರಪ್ ಕುಡಿಸಿ, ಹಣೆಗೆ ಒದ್ದೆಬಟ್ಟೆ ಹಾಕಿ ಕೂತಿದ್ದೆ. ಮಗಳು ಶಾಲೆಯ ಬ್ಯಾಗು ಬಿಚ್ಚದೆ ಬಾಗಿಲಲ್ಲೇ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ಅಮ್ಮ, ಒಂದು ಹೇಳ್ತೀನಿ, ಬೈಬಾರದು."

"ಏನೇ?"

"ಭಾನುವಾರ ನೀನು ಸ್ನಾನಕ್ಕೆ ಹೋಗಿದ್ದಾಗ ನಾನು ಒಂಚೂರು ಕುಯ್ದು ನೋಡಿದ್ದೆ. ಹಣ್ಣಾಗೈತಾ ಅಂತ. ಕೆಳಗಡೆ, ನಿಂಗೆ ಕಾಣ್ಲಿಲ್ಲ. ಅವನಿಗಿಂತ ಮೊದಲು ನಾನೇ ಕುಯ್ದಿದ್ದು." ಅವಳು ತಮ್ಮನ ಕಡೆ ನೋಡಿದಳು. "ಅದಕ್ಕೇನಾ ಇವನಿಗೆ ಜ್ವರ?"

ಎರಡು ದಿನದಿಂದ ಈ ಮಗು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಊಟ ಮಾಡಿದೆ, ಶಾಲೆಗೆ ಹೋಗಿದೆ. ಓಡಿಹೋಗಿ ತಬ್ಬಿಕೊಂಡೆ. "ಇಲ್ಲ ಕಣೆ ಬಂಗಾರಿ, ಅದೆಲ್ಲ ಸುಳ್ಳು. ಇದು ವೈರಸ್ಸು. ನಾನು ದಿನಾ ಪಾಠ ಮಾಡಲ್ವಾ?"

"ಸುಳ್ಳಾದ್ರೆ ನೀನ್ಯಾಕೆ ಅವನ್ನ ಕರೆದೆ?"

ಇಪ್ಪತ್ತು ವರ್ಷದಿಂದ ಮಕ್ಕಳ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಕೆಲಸ. ನನ್ನ ತಪ್ಪು ಮಗಳೇ, ನಾನು ಹೆದರಿದೆ ಎಂದೆ. ಅವಳು ತಲೆಯಾಡಿಸಿದಳು, ಆದರೆ ಆ ರಾತ್ರಿ ತಮ್ಮನ ಪಕ್ಕ ಮಲಗಲಿಲ್ಲ, ಅಜ್ಜಿಯ ಹಾಸಿಗೆಗೆ ಹೋದಳು. ಎರಡೇ ದಿನಕ್ಕೆ ಅವನು ಮೊದಲಿನಂತೆ ಬ್ಯಾಟು ಹಿಡಿದು ಬೀದಿಗೆ ಬಿದ್ದ.

ಹದಿನೈದು ದಿನದ ಮೇಲೆ ನಾನು ಸಂತೆಯಿಂದ ಇನ್ನೊಂದು ಕುಂಬಳಕಾಯಿ ಹೊತ್ತು ತಂದೆ. ಅಡುಗೆಮನೆಯಲ್ಲಿ ಇಟ್ಟು, ಮಗಳ ಕೈಗೆ ಚಾಕು ಕೊಟ್ಟೆ. ಅವಳು ಬೇಡ ಎಂದಳು. ಅತ್ತೆ, "ಕುಯ್ಯವ್ವ, ನಾನಿದೀನಿ" ಎಂದರು. ನಾನು ಅವಳ ಕೈ ಮುಟ್ಟಲಿಲ್ಲ, ಗಂಡುಮಗನನ್ನು ಕರೆಯಲೂ ಇಲ್ಲ. ಬಹಳ ಹೊತ್ತು ನಿಂತಿದ್ದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಅವಳು ಒತ್ತಿದಳು. ಕಾಯಿ ಬಿರಿದು ಎರಡಾಯಿತು. ಒಳಗೆ ಒಳ್ಳೆ ಕೆಂಪಗಿತ್ತು. ಶಭಾಷ್ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಚಾಕು ಅಲ್ಲೇ ಬಿಟ್ಟು, ಚಪ್ಪಲಿಯನ್ನೂ ಹಾಕದೆ ಬೀದಿಗೆ ಓಡಿದಳು. ನಾನೂ ಹಿಂದೆಯೇ ಹೋದೆ. ಆಡುತ್ತಿದ್ದ ತಮ್ಮನನ್ನು ಹಿಡಿದು ನಿಲ್ಲಿಸಿ, ಅವನ ಹಣೆಗೆ, ಕತ್ತಿಗೆ, ಮತ್ತೆ ಹಣೆಗೆ ಕೈಯಿಟ್ಟು ನೋಡುತ್ತಿದ್ದಳು. "ಬಿಡೇ ಅಕ್ಕ!" ಎಂದು ಅವನು ಕೊಸರಿಕೊಂಡ. ಅವಳು ಬಿಡಲಿಲ್ಲ.