ಬಾವಿಗೆ ಇಳಿಸಿದ ಪೈಪುಗಳು

ಅರಬ್ ನಾಡಿನ ಕರಾವಳಿಯ ಸಹಮ್ ಪೇಟೆಯಿಂದ ಗುಡ್ಡದ ಕಡೆ ತಿರುಗಿ ಕಾಲು ಗಂಟೆ ಹೋದರೆ ಆ ಊರು. ಊರೆಂದರೆ ಈಗ ಒಂದು ಸಣ್ಣ ಮಸೀದಿ, ಕುಸಿದ ಮಣ್ಣಿನ ಗೋಡೆಗಳು, ಒಂದೇ ಒಂದು ತೋಟ. ಪೂರ್ವಕ್ಕೆ ಸಮುದ್ರ, ಪಶ್ಚಿಮಕ್ಕೆ ಬೋಳು ಗುಡ್ಡ. ನಮ್ಮ ಉಡುಪಿಯ ಕಡೆಯದನ್ನೇ ತಿರುಗಿಸಿಟ್ಟ ಹಾಗೆ. ಪಂಪ್ ರಿಪೇರಿಯವನಾದ ನಾನು ಅಲ್ಲಿಗೆ ಹದಿನಾಲ್ಕು ವರ್ಷ ಹೋದೆ.

ತೋಟದ ಯಜಮಾನರನ್ನು ಬಾಬಾ ಎನ್ನುತ್ತಿದ್ದೆ. ಅವರು ಹೇಳುವ ಊರಿನ ಚರಿತ್ರೆಯೆಲ್ಲ ಅವರ ಬಾವಿಯ ಸುತ್ತಲೇ. ಅದನ್ನು ಅವರ ಅಜ್ಜ ತೋಡಿಸಿದ್ದು, ಎತ್ತು ಕಟ್ಟಿ ತೊಗಲಿನ ಚೀಲದಲ್ಲಿ ನೀರೆತ್ತಿದ್ದು. ಆಮೇಲೆ ಪಂಪ್ ಬಂತು. ಎಲ್ಲರೂ ಹಾಕಿಸಿದರು. ಒಂದೊಂದೇ ಬಾವಿ ಉಪ್ಪಾಯಿತು, ಒಂದೊಂದೇ ಮನೆ ಪೇಟೆಗೆ ಹೋಯಿತು. "ನನ್ನದು ಮಾತ್ರ ಸಿಹಿ. ಇದು ಇರುವ ತನಕ ಊರು ಉಂಟು," ಎನ್ನುತ್ತಿದ್ದರು, ತಮ್ಮ ಮುರುಕು ಹಿಂದಿಯಲ್ಲಿ.

ನೀರು ಕಡಿಮೆಯಾದಾಗಲೆಲ್ಲ ನನಗೆ ಫೋನ್. "ಎರಡು ಪೈಪ್ ಇಳಿಸಿದ್ರೆ ಬರ್ತದೆ ಬಾಬಾ," ಎನ್ನುತ್ತಿದ್ದೆ. ಆಳಕ್ಕೆ ಹೋದಷ್ಟೂ ಸಮುದ್ರ ಒಳಗೆ ನುಗ್ಗುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಪಕ್ಕದ ಬಾವಿಗಳಲ್ಲಿ ಕಣ್ಣಾರೆ ಕಂಡಿದ್ದೆ. ನಾನು ಇಳಿಸದಿದ್ದರೆ ಇನ್ನೊಬ್ಬ ಇಳಿಸುತ್ತಾನೆ ಎಂದುಕೊಂಡೆ. ಇಂಥ ಸಮಾಧಾನಗಳಿಗೆ ನನ್ನಂಥವರಲ್ಲಿ ಬರವಿಲ್ಲ.

ಹೋದ ವರ್ಷ ನಾಲ್ಕು ತಿಂಗಳು ಉಡುಪಿಯಲ್ಲಿದ್ದು ಬಂದು, ಪಂಪ್ ನೋಡಲು ಹೋದೆ. ಬಾಬಾ ಚಾಪೆ ಹಾಸಿ, ಖರ್ಜೂರ ಇಟ್ಟು, ಕಹ್ವಾ ಬಗ್ಗಿಸಿದರು. ಅಲ್ಲಿಯ ಕಾಫಿಯ ಬಟ್ಟಲು ಚಿಕ್ಕದು. ಸಾಕಾದರೆ ಬಾಯಲ್ಲಿ ಹೇಳುವುದಿಲ್ಲ, ಖಾಲಿ ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕು. ನಾನು ಯಾವಾಗಲೂ ಮೂರು ಬಟ್ಟಲು ಕುಡಿಯುವವನು. ಅಂದು ಮೊದಲ ಗುಟುಕಿಗೇ ನಾಲಿಗೆಗೆ ಉಪ್ಪು ಹತ್ತಿತು. ದಿನವೂ ಅದೇ ನೀರು ಕುಡಿಯುವ ಅವರಿಗೆ ತಿಳಿದೇ ಇರಲಿಲ್ಲ. ಹೇಗೋ ನುಂಗಿದೆ. ಅವರು ಮತ್ತೆ ಬಗ್ಗಿಸಲು ಬಂದಾಗ, ಅಲ್ಲಾಡಿಸಬಾರದು ಎಂದುಕೊಂಡರೂ, ನನ್ನ ಕೈ ಬಟ್ಟಲನ್ನು ಅಲ್ಲಾಡಿಸಿಬಿಟ್ಟಿತು.

"ಒಂದಕ್ಕೇ ಸಾಕಾ?"

ಅವರು ನಿಂಬೆ ಗಿಡಗಳ ಕಡೆ ನೋಡಿದರು. ಎಲೆಗಳ ತುದಿ ಉಪ್ಪಿಗೆ ಕರಟಿತ್ತು.

"ಇನ್ನೆಷ್ಟು ಪೈಪ್ ಬೇಕು ಹೇಳು. ಇಳಿಸುವ."

"ಖಲಾಸ್, ಬಾಬಾ. ಇಷ್ಟು ಇಳಿಸಿದ್ದೇ ತಪ್ಪು. ನನಗೆ ಗೊತ್ತಿತ್ತು."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ತಮ್ಮ ಬಟ್ಟಲಿಗೆ ಸ್ವಲ್ಪ ಬಗ್ಗಿಸಿಕೊಂಡರು. ಒಂದು ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು, ಕಣ್ಣು ಮುಚ್ಚಿ ರುಚಿ ನೋಡಿ, ನುಂಗಿದರು.

"ನನಗಿನ್ನೂ ಸಿಹಿಯೇ," ಎಂದರು.